ಮಾವನೊಳಗಿನ ಮೂವರು

ನನ್ನ ಸೋದರಮಾವನ ಮನೆಯಲ್ಲಿರುವವರು ಗಂಡ ಹೆಂಡತಿ ಇಬ್ಬರೇ. ಮಾವನ ಲೆಕ್ಕದಲ್ಲಿ ಮಾತ್ರ ಆರು ಜನ! ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದ ಮೇಲೆ, ಹದಿಹರೆಯದವರಿಗೆ ಆಪ್ತಸಲಹೆ ಕೊಡುವ ತರಬೇತಿಗೆ ಹೋಗಿ, 'ವ್ಯವಹಾರ ವಿಶ್ಲೇಷಣೆ' ಎಂಬ ಮನಶ್ಶಾಸ್ತ್ರದ ಪಾಠವನ್ನು ಮೈಮೇಲೆ ಬರಿಸಿಕೊಂಡು ಬಂದರು. ಪ್ರತಿಯೊಬ್ಬರೊಳಗೂ ಗದರುವ ಪಾಲಕ, ಯೋಚಿಸುವ ಪ್ರಬುದ್ಧ, ಹಟ ಹಿಡಿಯುವ ಮಗು, ಹೀಗೆ ಮೂವರಿರುತ್ತಾರಂತೆ. ಮಾತಾಡುತ್ತಿರುವುದು ಯಾರೆಂದು ತಿಳಿದರೆ ಅರ್ಧ ಜಗಳ ಮುಗಿದ ಹಾಗಂತೆ.

"ಮೂವರಿಗೂ ಸೇರಿ ಉಪ್ಪಿಟ್ಟೇ ಐತೆ, ಬರ್ರಿ!" ಅನ್ನುತ್ತಿದ್ದರು ಅತ್ತೆ.

ಪಿ.ಜೆ. ಬಡಾವಣೆಯಲ್ಲಿ ಒಮ್ಮೆ ಇವರ ಸ್ಕೂಟರ್ ಅಡ್ಡ ಬಂತೆಂದು ಆಟೋದವನೊಬ್ಬ ರೇಗಿದ. ಮಾವ ನಡುರಸ್ತೆಯಲ್ಲೇ ನಿಂತು, "ತಮ್ಮಾ, ಈಗ ಕೂಗಿದ್ದು ನಿನ್ನೊಳಗಿನ ಮಗು" ಅಂದರು.

"ನನ್ ಮಗು ಸಾಲಿಗೆ ಹೋಗೈತ್ರಿ, ಮೊದ್ಲು ಗಾಡಿ ತೆಗೀರಿ!"

ನಗಬಹುದು. ಆದರೆ ಒಂಬತ್ತನೇ ತರಗತಿಯ ನನ್ನ ಮಗಳು, ನಾನು ಬಾಯಿ ತೆರೆದರೆ ಬಾಗಿಲು ಮುಚ್ಚುವವಳು, ಮಾವನ ಮುಂದೆ ಗಂಟೆಗಟ್ಟಲೆ ಮಾತಾಡುತ್ತಿದ್ದಳು. ಗುಟ್ಟೇನು? ಅವಳು ಏನು ಹೇಳಿದರೂ ತೀರ್ಪು ಕೊಡದೆ, "ಆಮೇಲೆ ನಿನಗೆ ಹೆಂಗನ್ನಿಸ್ತು?" ಎಂದು ಕೇಳುವುದು. ಅಷ್ಟೇ! ಒಂದು ದಿನ ಮೊಬೈಲ್ ವಿಷಯಕ್ಕೆ ನಾನು ಕೂಗಾಡಿದಾಗ ಈ ಹುಡುಗಿ, "ಅಮ್ಮಾ, ನಿನ್ನೊಳಗಿನ ಪಾಲಕಿ ಮಾತಾಡಿದ್ದು ಸಾಕು, ಸ್ವಲ್ಪ ಪ್ರಬುದ್ಧೆ ಕೈಗೆ ಕೊಡು" ಅಂದಳು, ಫೋನ್ ಕೊಡು ಅನ್ನುವ ಹಾಗೆ! ಕೊಡೋಣವೆಂದರೆ ಆಕೆ ಒಳಗಿದ್ದರೆ ತಾನೆ?

ಇದನ್ನು ಹೇಳಿದರೆ ಮಾವ ನಗಲಿಲ್ಲ. "ಹಿಂಗ ಅನ್ನೋ ಧೈರ್ಯಾನ ನನ್ ಮಗಳಿಗೆ ನಾನು ಕೊಡ್ಲಿಲ್ಲವ್ವ" ಅಂದರು.

ಮಾವನ ಮಗಳು ಹದಿನಾರರಲ್ಲಿ ಜಿಲ್ಲೆಯ ಖೋ-ಖೋ ತಂಡಕ್ಕೆ ಆಯ್ಕೆಯಾಗಿದ್ದಳು. "ವಯಸ್ಸಿಗೆ ಬಂದ ಹುಡುಗಿ ಊರೂರು ತಿರುಗೋದು ಬ್ಯಾಡ" ಎಂದು ಮಾವ ತಡೆದರು. ಅವಳು ಅತ್ತಳು, ಇವರು ಪೇಪರ್ ಓದಿದರು. ಈಗ ಹರಿಹರದಲ್ಲಿ ಸಂಸಾರ ಮಾಡಿಕೊಂಡಿರುವ ಅವಳು ಅಪ್ಪನೊಡನೆ ಆಡುವುದು ಎರಡೇ ಮಾತು: "ಆರಾಮಾ?" "ಊಟ ಆತಾ?"

ಮುಂದಿನ ಭಾನುವಾರ ಮಾವ ನನ್ನನ್ನೂ ಕರೆದುಕೊಂಡು ಹರಿಹರಕ್ಕೆ ಹೊರಟರು. ಬಸ್ಸಿನುದ್ದಕ್ಕೂ ಪಾಲಕ, ಪ್ರಬುದ್ಧ ಎಂದು ಭಾಷಣ ಬಾಯಿಪಾಠ ಮಾಡಿದರು. ಮಗಳು ಚಹಾ ತಂದಿಟ್ಟಾಗ ಅದರಲ್ಲಿ ಒಂದಕ್ಷರವೂ ನೆನಪಾಗಲಿಲ್ಲ.

"ಆವತ್ತು ನಿನ್ನ ಕಳಿಸ್ಬೇಕಿತ್ತವ್ವ" ಅಂದರು.

ಅವಳು ಬಿಸ್ಕತ್ತಿನ ತಟ್ಟೆಯನ್ನು ಅಪ್ಪನ ಕಡೆ ಸರಿಸಿದಳು.

"ಕಳಿಸ್ಲಿಲ್ಲ. ಆ ಆಟದಾಗ ಏನಾತು ಅಂತಾನೂ ಕೇಳ್ಲಿಲ್ಲ. ಏನಾತವ್ವ?"

ನಲವತ್ತು ದಾಟಿದ ಮಗಳು ಕಿಟಕಿಯ ಕಡೆ ತಿರುಗಿದಳು. ಅವಳು ಅಂಗಳಕ್ಕೇ ಇಳಿಯದಿದ್ದ ಆಟ ಅದು.

"ಸೋತ್ವಿ, ಅಪ್ಪಾ" ಅಂದಳು.