ರಾಜನೌಕೆಯ ಇತಿಹಾಸ ಬರೆದು ಸಿಕ್ಕಿಬಿದ್ದದ್ದು

ನನಗೊಂದು ಕೆಟ್ಟ ಚಟವಿದೆ. ಗೊತ್ತಿರುವ ವಿಷಯವನ್ನು ಎರಡು ಸಾಲಿನಲ್ಲಿ ಮುಗಿಸುತ್ತೇನೆ. ಗೊತ್ತಿಲ್ಲದ್ದನ್ನು ಕೇಳಿದರೆ ಎರಡು ಪುಟ ತುಂಬುತ್ತೇನೆ. ಹೆಂಡತಿಗೆ ಇದು ಮದುವೆಯಾದ ವಾರದಲ್ಲೇ ತಿಳಿದುಹೋಯಿತು. ಸರಕಾರಕ್ಕೆ ತಿಳಿಯುವ ಪ್ರಸಂಗ ಬಂದದ್ದು ಸಂಸ್ಥಾನಗಳು ಮುಂಬಯಿ ರಾಜ್ಯದಲ್ಲಿ ವಿಲೀನವಾದ ಮೇಲೆ.

ಆಗ ನಾನು ಜಮಖಂಡಿಯಲ್ಲಿ ಕಾರಕೂನ. ಗಲಗಲಿಯ ಹತ್ತಿರ ಕೃಷ್ಣೆಯ ದಂಡೆಯಲ್ಲಿ, ಹಿಂದೆ ರಾಜಮನೆತನದ ವಿಹಾರಕ್ಕೆಂದು ಕಟ್ಟಿಸಿದ ಕಟ್ಟಿಗೆಯ ಉಗಿದೋಣಿಯೊಂದು ಬಿದ್ದಿತ್ತು. ಅದನ್ನು ಉಳಿಸಬೇಕೋ ಒಡೆದು ಉರುವಲು ಮಾಡಬೇಕೋ ಎಂದು ನಿರ್ಧರಿಸಲು ನಮ್ಮ ಉಪವಿಭಾಗದ ಅಧಿಕಾರಿಗಳಾದ ಪ್ರಾಂತ ಸಾಹೇಬರು ಅದರ ಇತಿಹಾಸ ಕೇಳಿದರು. ಕೆಲಸ ನನ್ನ ಪಾಲಿಗೆ ಬಂತು. ಹೋಗಿ ನೋಡಬಹುದಿತ್ತು, ಆದರೆ ಬಸ್ಸಿನಲ್ಲಿ ಕೂತರೆ ನನಗೆ ಹೊಟ್ಟೆ ತೊಳಸುತ್ತದೆ. ಕುರ್ಚಿಯಲ್ಲೇ ಕೂತು ಬರೆದೆ: ಬರ್ಮಾ ತೇಗ, ಬೆಳ್ಳಿಯ ಗಂಟೆ, ಮೇಲಟ್ಟದಲ್ಲಿ ವಾದ್ಯಮೇಳ, ರಾಜರು ಕೂತರೆ ಗಂಟೆಗೆ ಹದಿನಾಲ್ಕು ಮೈಲು ಓಟ. ಬರೆಯುತ್ತ ಬರೆಯುತ್ತ ನನಗೇ ಆ ದೋಣಿಯ ಮೇಲೆ ಪ್ರೀತಿ ಹುಟ್ಟಿತು.

ಸಾಹೇಬರಿಗೂ ಹುಟ್ಟಿತು. ಮುಂದಿನ ಸೋಮವಾರ ವಿಜಾಪುರದ ಕಡೆ ಹೋಗುವಾಗ ಅದರಲ್ಲೇ ಹೊಳೆ ದಾಟುವುದಾಗಿಯೂ, ಇತಿಹಾಸ ಬರೆದ ಕಾರಕೂನ ಜೊತೆಗಿರಬೇಕೆಂದೂ ಉತ್ತರ ಬಂತು.

ಅಂದೇ ಬಸ್ಸು ಹತ್ತಿದೆ. ದೋಣಿಯನ್ನು ಕಾಯುತ್ತಿದ್ದವನು ಬೀರಪ್ಪ. ಕುರಿ ಕಾಯುವ ಮನೆತನದ ಮುದುಕ. ಅದರ ಬಾಯ್ಲರಿಗೆ ಕಟ್ಟಿಗೆ ಹಾಕಲು ಹಿಂದೆ ನೇಮಕವಾಗಿದ್ದ. ಅವನು ತೋರಿಸಿದ ದೋಣಿಯಲ್ಲಿ ತೇಗವೂ ಇಲ್ಲ, ಗಂಟೆಯೂ ಇಲ್ಲ, ಮೇಲಟ್ಟವೇ ಇಲ್ಲ. ಹಲಗೆಗಳು ಒಣಗಿ ಸಂದಿನಲ್ಲಿ ಬೆರಳು ತೂರುತ್ತಿತ್ತು. ಕಾಗದದಲ್ಲಿ ಏನೇನು ಬರೆದಿದ್ದೆನೋ ಎಲ್ಲವನ್ನೂ ಅವನ ಮುಂದೆ ಒಪ್ಪಿಕೊಂಡೆ. ನನ್ನ ನೌಕರಿ ಹೋದಂತೆಯೇ ಎಂದೆ. ಅವನು ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡು, ನೌಕರಿ ಇನ್ನೊಂದು ಸಿಗಬಹುದು, ಇದನ್ನು ಒಡೆದರೆ ಇನ್ನೊಂದು ಯಾರು ಕಟ್ಟಿಸುತ್ತಾರೆ ಎಂದ.

ಮರುದಿನ ದಂಡೆಗೆ ಬಂದರೆ ದೋಣಿಯೇ ಇಲ್ಲ. ಹೊಗೆಕೊಳವೆ ಮಾತ್ರ ನೀರಿನ ಮೇಲೆ ಕಾಣುತ್ತಿತ್ತು. ಬೀರಪ್ಪನೇ ಎತ್ತುಗಳಿಂದ ಎಳೆಸಿ, ಕಲ್ಲು ಹೇರಿ ಮುಳುಗಿಸಿದ್ದ. ನಾನು ಕೂಗುತ್ತ ಅವನ ಕಡೆ ಓಡಿದೆ. ಹಲಗೆ ನೀರು ಕುಡಿದು ಉಬ್ಬಿದರೆ ಸಂದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ ಎಂದು ಅವನು ಸಮಾಧಾನ ಹೇಳಿದ. ನಾಲ್ಕು ದಿನ ರಾಜನೌಕೆ ನೀರಿನೊಳಗೆ, ನಾನು ಊಟ ಬಿಟ್ಟು ದಂಡೆಯ ಮೇಲೆ. ಐದನೆಯ ದಿನ ಕಲ್ಲು ತೆಗೆದು ನೀರು ಮೊಗೆದು ಹಾಕಿದರೆ, ನಿಜವಾಗಿಯೂ ತೇಲಿತು.

ಸೋಮವಾರ ಸಾಹೇಬರು ಬಂದು ಕೂತರು. ಗಲಗಲಿಯ ಅಂಬಿಗನೊಬ್ಬ ಚುಕ್ಕಾಣಿ ಹಿಡಿದ. ಬೀರಪ್ಪ ಜಾಲಿ ಕಟ್ಟಿಗೆ ತುರುಕಿದ. ದೋಣಿ ಕೆಮ್ಮಿ, ನಡುಗಿ, ಹೊರಟಿತು. ಪಕ್ಕದಲ್ಲಿ ಈಜುತ್ತಿದ್ದ ಎಮ್ಮೆಯೊಂದು ನಮ್ಮನ್ನು ಹಿಂದೆ ಹಾಕಿತು. ಅದನ್ನೇ ನೋಡುತ್ತ ಸಾಹೇಬರು, ಹದಿನಾಲ್ಕು ಮೈಲು ಎಂದು ಬರೆದಿತ್ತಲ್ಲ ಎಂದರು. ಬೀರಪ್ಪ ಬೆಂಕಿಯಿಂದ ಮುಖ ಎತ್ತದೆ ಹೇಳಿದ:

"ರಾಜರು ಕುಂತಾಗ ಓಡತಿತ್ರಿ. ಈಗ ಸರಕಾರ ಕುಂತೈತಿ, ಜರಾ ತಡಾ ಆಕೈತಿ."

ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಚೆ ದಡದಲ್ಲಿ ಇಳಿದವರೇ, ದೋಣಿಯನ್ನು ಒಡೆಯಬಾರದು, ಜನರನ್ನು ದಾಟಿಸಲು ಬಳಸಬೇಕು, ಬೀರಪ್ಪನೇ ನಡೆಸಬೇಕು ಎಂದು ನಿಂತಲ್ಲೇ ಬರೆದುಕೊಟ್ಟರು. ವಾರದ ಮೇಲೆ ಮೊದಲ ಸಲ ನನಗೆ ಹಸಿವಾಯಿತು. ಅಂಬಿಗನ ಬುತ್ತಿಯಲ್ಲಿದ್ದ ಎರಡು ರೊಟ್ಟಿಗಳನ್ನು ನಾನೇ ತಿಂದೆ.

ಮರಳುವಾಗ ಹಗುರಾದ ಮನಸ್ಸಿನಿಂದ, ಖರೆ ಇತಿಹಾಸವೇನೆಂದು ಬೀರಪ್ಪನನ್ನು ಕೇಳಿದೆ. ಕೊಂಕಣದ ಬಡಗಿಗಳು ಎರಡು ವರ್ಷ ಕೂತು ಕಟ್ಟಿದರಂತೆ. ರಾಜರ ಮನೆಯವರು ಬಂದು, ದಂಡೆಗೆ ಕಟ್ಟಿದ ದೋಣಿಯಲ್ಲೇ ಚಹಾ ಕುಡಿದು, ಮೆಚ್ಚಿ ಹೋದರಂತೆ. ಮತ್ತೆ ಬರಲಿಲ್ಲ. ಯಾವಾಗ ಬಂದಾರೋ ಎಂದು ಇವನು ವರ್ಷಕ್ಕೊಮ್ಮೆ ಬಾಯ್ಲರಿಗೆ ಬೆಂಕಿ ಹಾಕಿ ನೋಡುತ್ತಿದ್ದ. ಹಗ್ಗ ಬಿಚ್ಚಿ ಹೊಳೆಯಲ್ಲಿ ನಡೆಸಿದ್ದು ಇವತ್ತೇ ಮೊದಲು.

ಹಾಗಾದರೆ ರಾಜರು ಕೂತಾಗ ಓಡುತ್ತಿತ್ತು ಎಂದೆಯಲ್ಲ ಎಂದೆ.

"ನಿಮ್ಮ ಕಾಗದದಾಗ ಹಂಗ ಐತಿ ಅಂದಿದ್ರಲ್ರಿ," ಎಂದ ಬೀರಪ್ಪ. "ಸರಕಾರದ ಕಾಗದ ನಾ ಹೆಂಗ ಸುಳ್ಳ ಮಾಡಲಿ?"

ನಾವಿನ್ನೂ ನಡುಹೊಳೆಯಲ್ಲಿದ್ದೆವು. ನಾನು ದೋಣಿಯ ಅಂಚನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದುಕೊಂಡು, ಅದೂ ಖರೆಯೇ ಎಂದೆ.