ಎಂಟು ಪುಟಗಳಾಚೆಯ ಗುಂಡಿ

ಪುಟ್ಟಬಸವಯ್ಯ ಮೇಷ್ಟರ ಮನೆಯ ಕಂಪ್ಯೂಟರು ಹದಿನೈದು ದಿನಗಳಿಂದೀಚೆಗೆ ಒಂದು ಹೊಸ ಚಾಳಿ ಕಲಿತಿತ್ತು. ಕೆಲಸ ಮಾಡುತ್ತ ಮಾಡುತ್ತಲೇ, ಯಾರಿಗೂ ಒಂದು ಮಾತು ಹೇಳದೆ, ಅದು ಕಣ್ಣು ಮುಚ್ಚಿಬಿಡುತ್ತಿತ್ತು. ಮನೆಯವರು 'ಅಯ್ಯೋ' ಎನ್ನುವಷ್ಟರಲ್ಲಿ, ಮದುವೆಮನೆಯಿಂದ ಮುನಿಸಿಕೊಂಡು ಎದ್ದುಹೋದ ಬೀಗರು ಪಾಯಸದ ವಾಸನೆಗೆ ಹಿಂದಿರುಗಿ ಎಲೆಯ ಮುಂದೆ ಕೂರುವಂತೆ, ತಾನಾಗಿಯೇ ಮತ್ತೆ ಕಣ್ಣು ಬಿಡುತ್ತಿತ್ತು. ಬಿಟ್ಟ ಮೇಲೆ ಹಿಂದಿನದೊಂದೂ ಅದಕ್ಕೆ ನೆನಪಿರುತ್ತಿರಲಿಲ್ಲ.

ಬೇರೆ ದಿನವಾಗಿದ್ದರೆ ಮೇಷ್ಟರು ಇದನ್ನು ಸಹಿಸಿಕೊಳ್ಳುತ್ತಿದ್ದರೇನೋ. ಆದರೆ ಅಂದು ಸಂಜೆ ಐದು ಗಂಟೆಯೊಳಗೆ ಅವರ ಹಣೆಬರಹ ತೀರ್ಮಾನವಾಗಬೇಕಿತ್ತು. ತಲಕಾಡಿನಿಂದಲೂ ಆಚೆ, ಹೊಳೆಯಂಚಿನ ಹಳ್ಳಿಯೊಂದರ ಶಾಲೆಯಲ್ಲಿ ಅವರು ಹನ್ನೊಂದು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿದ್ದರು. ನಂಜನಗೂಡಿನಲ್ಲಿ ಬೆಳಗಿನ ಏಳರ ಬಸ್ಸು ಹತ್ತಿ, ನರಸೀಪುರದಲ್ಲೊಮ್ಮೆ, ತಲಕಾಡಿನಲ್ಲೊಮ್ಮೆ ಬಸ್ಸು ಬದಲಾಯಿಸಿ ಶಾಲೆ ಮುಟ್ಟುವ ಹೊತ್ತಿಗೆ, ತಮ್ಮ ಸೊಂಟ ತಮ್ಮ ಜೊತೆಯಲ್ಲೇ ಇಳಿಯಿತೋ ಸೀಟಿನ ಮೇಲೆಯೇ ಉಳಿಯಿತೋ ಎಂಬ ಅನುಮಾನ ಅವರನ್ನು ನಿತ್ಯವೂ ಕಾಡುತ್ತಿತ್ತು.

ಈ ಕಷ್ಟಕ್ಕೆ ಕೊನೆಗೂ ಒಂದು ದಾರಿ ತೆರೆದಿತ್ತು. ಇಂದ್ರಾಣಿ ಎಂಬ ಟೀಚರದು ಇವರದಕ್ಕೆ ತಿರುಗುಮುರುಗಾದ ಸಂಕಟ: ಮನೆ ನರಸೀಪುರದಲ್ಲಿ, ಶಾಲೆ ನಂಜನಗೂಡಿನಲ್ಲಿ. ಇವರ ಜಾಗಕ್ಕೆ ಅವರು, ಅವರ ಜಾಗಕ್ಕೆ ಇವರು ಹೋಗುವುದೆಂದು ಒಪ್ಪಂದವಾಗಿ, ಪರಸ್ಪರ ವರ್ಗಾವಣೆಗೆ ಅರ್ಜಿ ಬಿದ್ದಿತ್ತು. ಇನ್ನುಳಿದದ್ದು ಇಷ್ಟೇ: ಇಬ್ಬರೂ ಇಲಾಖೆಯ ಜಾಲತಾಣದಲ್ಲಿ ಎಂಟು ಪುಟಗಳ ವಿವರ ತುಂಬಿ, ಕೊಟ್ಟಕೊನೆಯಲ್ಲಿರುವ 'ಒಪ್ಪಿಗೆ' ಎಂಬ ಹಸಿರು ಗುಂಡಿಯನ್ನು ಒತ್ತಬೇಕು. ಒಬ್ಬರು ಒತ್ತದಿದ್ದರೂ ಇಬ್ಬರ ಅರ್ಜಿಯೂ ಬಿದ್ದುಹೋಗುತ್ತದೆ. ಇಂದ್ರಾಣಿ ಟೀಚರು ಹಿಂದಿನ ದಿನವೇ ಒತ್ತಿ ಮುಗಿಸಿದ್ದರು.

"ಬಸ್ ಸ್ಟ್ಯಾಂಡ್ ಹತ್ರ ಮದನನ ಸೈಬರ್ ಅಂಗಡಿ ಐತಲ್ರೀ, ಅಲ್ಲೋಗಿ ಒತ್ಬುಟ್ಟು ಬನ್ನಿ," ಎಂದು ಹೆಂಡತಿ ಮಂಗಳಮ್ಮ ಬೆಳಿಗ್ಗೆಯೇ ಹೇಳಿದ್ದರು.

"ನಮ್ಮ ಶಾಲೆಯ ಕಂಪ್ಯೂಟರ್ ಉಸ್ತುವಾರಿ ಯಾರು? ನಾನು! ನಾನೇ ಹೋಗಿ ಸೈಬರ್ ಮುಂದೆ ಕ್ಯೂ ನಿಂತ್ರೆ ನೋಡಿದೋರು ಏನಂದ್ಕೊಂಡಾರು?"

"ನಿಂತ್ರೆ ಕಾಲು ನೋಯ್ತದೆ ಅಂದ್ಕೊಂಡಾರು. ಇನ್ನೇನಂದ್ಕೊಂಡಾರು?" ಎಂದು ಮಂಗಳಮ್ಮ ಒಳಗೆ ಹೋದರು.

ಮೊಬೈಲಿನಲ್ಲಿ ಆ ಜಾಲತಾಣ ಅರ್ಧಂಬರ್ಧ ಕಾಣುತ್ತಿತ್ತು. ಹಸಿರು ಗುಂಡಿ ಗಾಜಿನ ಆಚೆಗೆಲ್ಲೋ ಉಳಿದುಬಿಡುತ್ತಿತ್ತು. ಹಾಗಾಗಿ ಮೇಷ್ಟರು ಒಂದು ದಿನದ ರಜೆ ಹಾಕಿ, ಸ್ನಾನ ಮುಗಿಸಿ, ವಿಭೂತಿ ಧರಿಸಿ, ಹತ್ತು ಗಂಟೆಗೆ ಕಂಪ್ಯೂಟರಿನ ಮುಂದೆ ಪದ್ಮಾಸನ ಹಾಕುವುದೊಂದನ್ನು ಬಿಟ್ಟು ಮಿಕ್ಕೆಲ್ಲ ಶ್ರದ್ಧೆಯಿಂದ ಕುಳಿತರು. ಐದನೆಯ ಪುಟದಲ್ಲಿ, ಸೇವೆಗೆ ಸೇರಿದ ದಿನಾಂಕವನ್ನು ಕುಟ್ಟುತ್ತಿರುವಾಗ, ಪರದೆ ಕಪ್ಪಾಯಿತು. ಮತ್ತೆ ಮೊದಲಿನಿಂದ.

ಎರಡನೆಯ ಸಲ ಎಂಟನೆಯ ಪುಟದವರೆಗೂ ಬಂದರು. ಹಸಿರು ಗುಂಡಿ ಕಣ್ಣಿಗೆ ಬಿತ್ತು. ಬಾಣದ ಗುರುತನ್ನು ಅದರ ಮೇಲೆ ತಂದು ನಿಲ್ಲಿಸಿದರು. ಆ ಕ್ಷಣಕ್ಕೆ ಸರಿಯಾಗಿ ಮಗ್ಗುಲ ಗುಡಿಯಲ್ಲಿ ಗಂಟೆ, ಜಾಗಟೆ, ನಗಾರಿಗಳು ಒಟ್ಟಿಗೆ ಮೊಳಗಿದವು. ಮೇಷ್ಟರ ಮನೆಯ ಗೋಡೆಗೆ ಒತ್ತಿಕೊಂಡಂತೆಯೇ, ಊರವರು ಮಾದಪ್ಪನೆಂದು ಕರೆಯುವ ಮಹದೇಶ್ವರನ ಪುಟ್ಟ ಗುಡಿ. ಕಾರ್ತಿಕ ಸೋಮವಾರವಾದ್ದರಿಂದ ಬೆಳಗಿನಿಂದಲೂ ಭಕ್ತರು ಬರುತ್ತಲೇ ಇದ್ದರು.

"ಗಂಟೆ ಆಯ್ತು ಕಣ್ರೀ! ಒಳ್ಳೇ ಶಕುನ! ಒತ್ತಿ, ಒತ್ತಿ!" ಎಂದು ಮಂಗಳಮ್ಮ ಅಡುಗೆಮನೆಯಿಂದಲೇ ಕೂಗಿದರು.

ಮೇಷ್ಟರಿಗೆ ಶಕುನಗಳಲ್ಲಿ ನಂಬಿಕೆಯಿರಲಿಲ್ಲ. ಆದರೆ ಒಳ್ಳೆಯ ಶಕುನವನ್ನು ನಂಬುವುದರಿಂದ ಯಾರಿಗೂ ನಷ್ಟವಿಲ್ಲವೆಂಬ ಉದಾರ ಅಭಿಪ್ರಾಯ ಅವರದು. ಕಣ್ಣು ಮುಚ್ಚಿ, ಮಾದಪ್ಪನನ್ನು ಅರೆಕ್ಷಣ ನೆನೆದು, ಒತ್ತಿದರು. ಕಣ್ಣು ಬಿಟ್ಟಾಗ ಪರದೆ ಅಮಾವಾಸ್ಯೆಯ ಆಕಾಶದಂತಿತ್ತು.

ಅವರು ಹೊರಡಿಸಿದ ಉದ್ಗಾರ ಬೀದಿಗೆ ಕೇಳಿಸಿತು. ಎದುರು ಮನೆಯ ಚನ್ನಾಜಮ್ಮ, ಎಪ್ಪತ್ತು ದಾಟಿದ ಮುದುಕಿ, ಯಾರ ಮನೆಯಲ್ಲಿ ಹಾಲು ಉಕ್ಕಿದರೂ ಬೆಂಕಿ ಆರಿಸಲು ತಾನೇ ಮೊದಲು ಹೋಗಬೇಕೆಂಬ ವ್ರತ ಹಿಡಿದವಳು, ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದೇಬಿಟ್ಟಳು.

"ಏನಾಯ್ತು ಮೇಷ್ಟ್ರೇ? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲಮ್ಮ. ಕಂಪ್ಯೂಟರ್ ಆಫ್ ಆಯ್ತು."

"ಅಯ್ಯೋ ಸಿವ್ನೇ! ಎಷ್ಟು ವರ್ಸ ಆಗಿತ್ತು ಅದ್ಕೆ?"

ಮೇಷ್ಟರು ಹಲ್ಲು ಕಚ್ಚಿಕೊಂಡರು. ಅಷ್ಟರಲ್ಲಿ ಮಂಗಳಮ್ಮ ಬೀದಿ ಕೊನೆಯ ಸಿದ್ದುವಿಗೆ ಹೇಳಿಕಳಿಸಿಯಾಗಿತ್ತು. ಸಿದ್ದು ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆಗಳ ವೈದ್ಯ. ವೈರು ಇರುವ ಯಾವ ವಸ್ತುವೂ ತನ್ನ ಅಧಿಕಾರವ್ಯಾಪ್ತಿಯ ಹೊರಗಿಲ್ಲವೆಂದು ಅವನು ತಿಳಿದಿದ್ದ. ಬಂದವನೇ ಮೇಜಿನ ಕೆಳಗೆ ಇಣುಕಿದ.

"ಬ್ಯಾಟ್ರಿ ಪೆಟ್ಗೆ ಎಲ್ಲಿ ಸಾ?"

ಎರಡು ವರ್ಷದ ಹಿಂದೆಯೇ ಪ್ರಾಣ ಬಿಟ್ಟಿದ್ದ ಆ ಪೆಟ್ಟಿಗೆ ಈಗ ಮೇಷ್ಟರು ಕಾಲಿಡುವ ಮಣೆಯಾಗಿತ್ತು. ಸಿದ್ದು ಅದನ್ನು ಕರುಣೆಯಿಂದ ನೋಡಿ, ಕಂಪ್ಯೂಟರಿನ ಪಕ್ಕೆಯ ತಗಡನ್ನು ಬಿಚ್ಚಿದ. ಒಳಗೆ ಒಂದು ಅಂಗುಲ ಧೂಳು, ಎರಡು ಹಲ್ಲಿಮೊಟ್ಟೆ.

"ಇನ್ನೆಂಗ್ ಓಡ್ತದೆ ಸಾ? ಉಸ್ರು ಕಟ್ಟೈತೆ. ಒಳಗಿರೋ ಮೆಮೊರಿ ಪಟ್ಟೀನ ಪೆನ್ಸಿಲ್ ರಬ್ಬರಲ್ಲಿ ಉಜ್ಜಿ, ಟೇಬಲ್ ಫ್ಯಾನ್ ಗಾಳಿ ಬುಟ್ರೆ ಕುದ್ರೆ ಆಯ್ತದೆ."

ಅವನು ಉಜ್ಜಿದ, ಊದಿದ, ಒರೆಸಿದ. ಅವನು ಫ್ಯಾನು ತರಲು ಅತ್ತ ಹೋದಾಗ ಚನ್ನಾಜಮ್ಮ ತನ್ನ ಚಿಕಿತ್ಸೆಗೆ ಕೈಹಾಕಿದಳು. ದೃಷ್ಟಿಯಾಗಿರುವುದು ಖಂಡಿತವೆಂದು ತೀರ್ಮಾನಿಸಿ, ತಟ್ಟೆಯ ತುಂಬ ವಿಭೂತಿ ತಂದು ಕಂಪ್ಯೂಟರಿನ ಹಣೆಯೆಂದು ತನಗೆ ತೋರಿದ ಕಡೆ ಮೂರು ಗೆರೆ ಎಳೆದು, ತಟ್ಟೆಯನ್ನು ಅಲ್ಲೇ ಇಟ್ಟಳು. ಸಿದ್ದು ಬಂದು ಫ್ಯಾನು ಹಾಕಿದ. ಮರುಗಳಿಗೆಯಲ್ಲಿ ಕೋಣೆ ತುಂಬ ಬಿಳಿಯ ಮೋಡ ಎದ್ದಿತು. ಮೋಡ ಇಳಿದಾಗ ಪುಟ್ಟಬಸವಯ್ಯನವರು ಹಬ್ಬಕ್ಕೆ ಸುಣ್ಣ ಹೊಡೆಸಿದ ಗೋಡೆಯ ಹಾಗೆ ನಿಂತಿದ್ದರು. ಎರಡು ಕಿಟಕಿಗಳಂತೆ ಕಣ್ಣುಗಳು ಮಾತ್ರ ಕಾಣುತ್ತಿದ್ದವು.

"ಆಫ್ ಮಾಡಯ್ಯ!" ಎಂದು ಅವರು ಕೆಮ್ಮಿದರು. "ಮೊದ್ಲು ಆ ಫ್ಯಾನ್ ಆಫ್ ಮಾಡು!"

"ಒಳ್ಳೇದೇ ಆಯ್ತು ಬುಡಿ," ಎಂದಳು ಚನ್ನಾಜಮ್ಮ. "ಮೈತುಂಬಾ ಈಬೂತಿ. ಇನ್ನೇನ್ ಕೊರತೆ?"

ಊಟದ ಹೊತ್ತು ದಾಟಿತ್ತು; ಯಾರಿಗೂ ಊಟದ ನೆನಪಿರಲಿಲ್ಲ. ಮಂಗಳಮ್ಮ ಗಂಡನ ಮುಖ ಒರೆಸುತ್ತ ಒಂದು ಉಪಾಯ ಹೇಳಿದರು. ಆಗ ಗಂಟೆಯ ಶಬ್ದ ಬಂದದ್ದು ಒಂದು ಚಣ ಮುಂಚೆಯಾಯಿತು, ಅದಕ್ಕೇ ಫಲ ಸಿಗಲಿಲ್ಲ. ಗುಂಡಿ ಒತ್ತುವ ಕ್ಷಣಕ್ಕೂ ಮಂಗಳಾರತಿ ಎತ್ತುವ ಕ್ಷಣಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಬಾರದು. ಮೇಷ್ಟರು ವಿರೋಧಿಸಬೇಕೆಂದುಕೊಂಡರು. ಆದರೆ ಬೆಳಗಿನಿಂದ ಹದಿಮೂರು ಪುಟ ಕುಟ್ಟಿ ಸೋತ ಮನುಷ್ಯನ ವೈಚಾರಿಕತೆ ಎಷ್ಟು ಹೊತ್ತು ನಿಂತೀತು?

ವ್ಯವಸ್ಥೆ ಅಚ್ಚುಕಟ್ಟಾಗಿ ನಡೆಯಿತು. ಮಂಗಳಮ್ಮ ತೆಂಗಿನಕಾಯಿ ಹಿಡಿದು ಗುಡಿಯಲ್ಲಿ, ಚನ್ನಾಜಮ್ಮ ಕಾಂಪೌಂಡು ಗೋಡೆಯ ಬಳಿ, ಸಿದ್ದು ಕಿಟಕಿಯಲ್ಲಿ, ಮೇಷ್ಟರು ಎಂಟನೆಯ ಪುಟದಲ್ಲಿ.

"ಬಂತು ಕಣ್ಲಾ ಸಿದ್ದು, ಗುಂಡಿ ಬಂತು! ಯೋಳು!" ಎಂದರು ಮೇಷ್ಟರು. ಉದ್ವೇಗದಲ್ಲಿ ಕನ್ನಡ ಪಂಡಿತರ ನಾಲಿಗೆಯೂ ಊರಿನ ದಾರಿ ಹಿಡಿದಿತ್ತು.

"ಅಜ್ಜೀ, ಎತ್ತಾಕ್ ಯೋಳು!"

"ಮಂಗ್ಳಾ, ಎತ್ಸವ್ವಾ!"

ಅರ್ಚಕ ನಂಜುಂಡೇಶ ಆರತಿ ಎತ್ತಿದ. ಗಂಟೆ ಮೊಳಗಿತು. ಮೇಷ್ಟರ ಬೆರಳು ಇಳಿಯಿತು. ಬೆರಳಿಗಿಂತ ಒಂದು ಕೂದಲೆಳೆ ಮುಂಚೆ ಕಂಪ್ಯೂಟರು ಇಳಿಯಿತು.

ಮೂರು ಗಂಟೆಯಾಗಿತ್ತು. ಅಭಿಮಾನವನ್ನು ಕಹಿಬೇವಿನಂತೆ ನುಂಗಿ ಮೇಷ್ಟರು ಮದನನ ಸೈಬರಿಗೆ ಫೋನು ಮಾಡಿದರು. ಮದನ ಅಂಗಡಿಗೆ ಬೀಗ ಹಾಕಿ ಕಳಲೆ ಊರಿನ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದ, ರಾತ್ರಿಯೇ ಬರುವುದು. ಮೇಷ್ಟರು ಫೋನನ್ನು ಮಂಚದ ಮೇಲೆ ಎಸೆದು, ಸಿದ್ದುವಿನೊಡನೆ ಮೇಜಿನ ಕೆಳಗೆ ತೂರಿದರು. ಅಲ್ಲಿ ಅವರಿಬ್ಬರೂ ಮುಕ್ಕಾಲು ಗಂಟೆ ಒಂದೊಂದೇ ವೈರನ್ನು ಕಿತ್ತು, ಊದಿ, ಸಿಕ್ಕಿಸಿದರು. ತಲೆಗೆ ತಲೆ ಎರಡು ಸಲ ಡಿಕ್ಕಿ ಹೊಡೆದದ್ದನ್ನು ಬಿಟ್ಟರೆ ಬೇರೇನೂ ಪತ್ತೆಯಾಗಲಿಲ್ಲ.

ಹೊರಗೆ ಬರುವ ಹೊತ್ತಿಗೆ ಗುಡಿಯಲ್ಲಿ ಇನ್ನೂ ದೊಡ್ಡ ಏರ್ಪಾಡು ನಡೆದಿತ್ತು. ಬರಿಯ ಮಂಗಳಾರತಿ ಸಾಲದಾಗಿರುವುದರಿಂದ ಮಹಾಮಂಗಳಾರತಿಯನ್ನೇ ಮಾಡಿಬಿಡೋಣವೆಂದು ನಂಜುಂಡೇಶ ಪಂಚಾರತಿಗೆ ಬತ್ತಿ ಜೋಡಿಸಿದ್ದ. ಗಂಟೆಗಳು ಒಂದೇ ಸಮನೆ ಮೊಳಗತೊಡಗಿದವು. ಇತ್ತ ಕಂಪ್ಯೂಟರು ಕಣ್ಣು ಬಿಟ್ಟಿತು, ಮುಚ್ಚಿತು, ಬಿಟ್ಟಿತು, ಮುಚ್ಚಿತು, ಬಿಕ್ಕಳಿಕೆ ಹಿಡಿದ ಮಗುವಿನಂತಾಯಿತು. ಅತ್ತ ಗಂಟೆ ನಿಂತಿತು. ಇತ್ತ ಬಿಕ್ಕಳಿಕೆಯೂ ನಿಂತಿತು. ನಂಜುಂಡೇಶನಿಗೆ ತೃಪ್ತಿಯಾಗದೆ ಇನ್ನೊಂದು ಸುತ್ತು ಎತ್ತಿದ. ಗಂಟೆ, ಕತ್ತಲೆ.

ಮೇಷ್ಟರು ನಿಧಾನವಾಗಿ ಸಿದ್ದುವಿನ ಕಡೆ ತಿರುಗಿದರು.

"ಸಿದ್ದು, ಆ ಗಂಟೆ ಯಾರು ಬಾರಿಸ್ತಾವ್ರೆ?"

"ಯಾರೂ ಬಾರಿಸ್ತಿಲ್ಲ ಸಾ. ಕರೆಂಟು ನಗಾರಿ ಅಲ್ವಾ? ಸ್ವಿಚ್ ಆಕುದ್ರೆ ಗಂಟೆ, ಜಾಗಟೆ ಎಲ್ಲಾನೂ ತಾನೇ ಬಡ್ಕೋತದೆ. ಹದಿನೈದು ದಿನದಿಂದೆ ಸೆಕೆಂಡ್ ಹ್ಯಾಂಡಲ್ಲಿ ತಂದ್ರು. ಕೂರಿಸ್ದೋನು ನಾನೇಯ."

"ಅದಕ್ಕೆ ಕರೆಂಟು ಎಲ್ಲಿಂದ ಕೊಟ್ಟೆ?"

ಸಿದ್ದು ತಲೆ ಕೆರೆದುಕೊಂಡ. ಕೆರೆದುಕೊಳ್ಳುತ್ತಲೇ ಅವನ ಕಣ್ಣು ಅಗಲವಾಯಿತು. "ನಿಮ್ಮ ಈ ಕಿಟ್ಕೀಲಿ ಒಂದು ವೈರ್ ಆಚ್ಗೆ ಬಂದಿತ್ತಲ್ಲ ಸಾ, ಅತ್ರದಲ್ಲೈತೆ ಅಂತ ಅದ್ಕೇ ಸೇರಿಸ್ದೆ. ಅವತ್ತು ನೀವು ಇಸ್ಕೂಲ್ಗೆ ಓಗಿದ್ರಿ. ಅಮ್ಮೋರೇ 'ಕೊಡಪ್ಪ, ಪುಣ್ಯ ಬತ್ತದೆ' ಅಂದ್ರು. ಆ ಹಳೇ ಮೋಟ್ರು ಏಳೋವಾಗ ಕರೆಂಟ್ನೆಲ್ಲ ಒಂದೇ ಗುಟುಕ್ಗೆ ಎಳ್ಕೋತದೆ, ನಿಮ್ ಕಂಪ್ಯೂಟ್ರುಗೆ..."

ಮಾತು ಮುಗಿಯುವ ಮೊದಲೇ ಮೇಷ್ಟರು ಗುಡಿಯಲ್ಲಿದ್ದರು. ಮೈಮೇಲೆ ವಿಭೂತಿ, ಕೆದರಿದ ಕೂದಲು, ಕೆಂಡದ ಕಣ್ಣು. ಸಾಕ್ಷಾತ್ ವೀರಭದ್ರನೇ ಬಂದನೆಂದು ಇಬ್ಬರು ಭಕ್ತರು ಕೈಮುಗಿದರು. ಮೇಷ್ಟರು ನಗಾರಿಯ ವೈರನ್ನು ಹಿಡಿದು ಎಳೆದರು.

"ಸ್ವಾಮಿ, ಕಾರ್ತೀಕ ಸೋಮವಾರ!" ಎಂದು ನಂಜುಂಡೇಶ ಬೇಡಿದ.

"ಕೈ ಇಲ್ವೇನಯ್ಯ ನಿನಗೆ? ಐದು ಗಂಟೆತನಕ ಕೈಯಲ್ಲೇ ಬಾರಿಸು!"

ನಾಲ್ಕು ಇಪ್ಪತ್ತು. ಮೇಷ್ಟರು ಮತ್ತೆ ಮೊದಲ ಪುಟದಿಂದ ಹೊರಟರು. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ. ಹಿಂದೆ ಮೂವರು ಉಸಿರು ಬಿಗಿಹಿಡಿದು ನಿಂತಿದ್ದರು. ಐದನೆಯ ಪುಟ ದಾಟಿತು. ಏಳನೆಯ ಪುಟದಲ್ಲಿ ಚನ್ನಾಜಮ್ಮನಿಗೆ ಸೀನು ಬಂತು. ಮಂಗಳಮ್ಮ ಅವಳ ಮೂಗನ್ನೇ ಹಿಡಿದುಕೊಂಡರು. ಹಸಿರು ಗುಂಡಿ ಬಂತು. ಗುಡಿಯಿಂದ ಕೈಗಂಟೆಯ ಬಡಪಾಯಿ ಸದ್ದು ಕಿಣಿಕಿಣಿಯೆಂದಿತು. ಮೇಷ್ಟರು ಒತ್ತಿದರು.

'ನಿಮ್ಮ ಒಪ್ಪಿಗೆ ದಾಖಲಾಗಿದೆ.'

ಗಡಿಯಾರದಲ್ಲಿ ನಾಲ್ಕು ನಲವತ್ತೆಂಟು. ಸಿದ್ದು ಶಿಳ್ಳೆ ಹಾಕಿದ. ಮಂಗಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಷ್ಟರಿಗೆ ತಮ್ಮ ಸೊಂಟ ಹನ್ನೊಂದು ವರ್ಷಗಳ ನಂತರ ತಮಗೇ ಮರಳಿ ಸಿಕ್ಕಂತಾಯಿತು. ಕೂಡಲೇ ಇಂದ್ರಾಣಿ ಟೀಚರಿಗೆ ಫೋನು ಹಚ್ಚಿದರು.

"ಟೀಚರೇ! ಆಯ್ತು! ಒತ್ತಿಬಿಟ್ಟೆ!"

ಆ ಕಡೆಯಿಂದ ಟೀಚರ ದನಿ, "ಅಯ್ಯೋ, ಯಾಕ್ ಸಾರ್ ಒತ್ತೋಕ್ ಹೋದ್ರಿ?"

"ಯಾಕೆ ಅಂದ್ರೆ?"

"ನಾನು ನಾಲ್ಕು ಗಂಟೆಗೇ ನನ್ನ ಒಪ್ಪಿಗೆ ವಾಪಸ್ ತಗೊಂಡ್ಬಿಟ್ಟೆ ಸಾರ್. ನೀವಿನ್ನೂ ಒತ್ತಿಲ್ವಲ್ಲ ಅಂತ ಮೂರೂವರೆಗೆ ಫೋನ್ ಮಾಡಿದ್ದೆ. ನಿಮ್ಮ ಮನೇಲಿ ಯಾರೋ ಅಜ್ಜಿ ಎತ್ತಿದ್ರು. 'ಗಂಟೆ ಆದಾಗ್ಲೆಲ್ಲ ಕಣ್ಮುಂದೇನೇ ಕತ್ಲಾಯ್ತದೆ ಕಣವ್ವ, ಮಾದಪ್ಪ ಬ್ಯಾಡ ಬ್ಯಾಡ ಅಂತಾವ್ನೆ, ಈ ವರ್ಗಾವಣೆ ಇಬ್ಬರ್ಗೂ ಒಳ್ಳೇದಲ್ಲ' ಅಂದ್ರು. ಮೈಯೆಲ್ಲ ಜುಮ್ ಅಂತು ಸಾರ್ ನಂಗೆ."

"ಅದು ವೈರು, ಟೀಚರೇ! ಬರೀ ವೈರು! ಇನ್ನೂ ಹತ್ತು ನಿಮಿಷ ಇದೆ, ಈಗ್ಲೇ ಮತ್ತೆ ಒತ್ತಿ!"

"ಒಂದ್ಸಲ ವಾಪಸ್ ತಗೊಂಡ್ರೆ ಮತ್ತೆ ಬರೋ ವರ್ಷಾನೇ ಅಂತೆ ಸಾರ್. ಕೆಂಪು ಅಕ್ಷರದಲ್ಲಿ ಬಂದಿದೆ."

ಮೇಷ್ಟರು ಫೋನನ್ನು ಕಿವಿಯಿಂದ ಸ್ವಲ್ಪವೇ ದೂರ ಹಿಡಿದು ಚನ್ನಾಜಮ್ಮನನ್ನು ನೋಡಿದರು.

"ಊಂ ಕಣ್ ಮೇಷ್ಟ್ರೇ, ನಾನೇ ಎತ್ತಿದ್ದು," ಎಂದಳು ಮುದುಕಿ, ಮೆಚ್ಚುಗೆಯ ಮಾತೊಂದನ್ನು ನಿರೀಕ್ಷಿಸುತ್ತ. "ನೀವಿಬ್ರೂ ಮೇಜಿನ ಕೆಳೀಕೆ ತೂರ್ಕೊಂಡಿದ್ರಿ. ಎಂಗಸು ಪಾಪ ಗಾಬ್ರಿಯಾಗಿತ್ತು. ಇದ್ದುದ್ದ ಇದ್ದಂಗೇ ಯೋಳ್ದೆ. ನಾನೇನ್ ಸುಳ್ಳಾಡುದ್ನಾ?"

ಸುಳ್ಳಾಡಿರಲಿಲ್ಲ. ಮೇಷ್ಟರು ಫೋನನ್ನು ಮತ್ತೆ ಕಿವಿಗೆ ಹಿಡಿದರು. ಇಂದ್ರಾಣಿ ಟೀಚರ ಸಮಾಧಾನದ ದನಿ ಇನ್ನೂ ಕೇಳುತ್ತಿತ್ತು.

"ಬೇಜಾರ್ ಮಾಡ್ಕೋಬೇಡಿ ಸಾರ್. ಗಂಡಾಂತರ ತಪ್ತು ಅಂತ ನಾನೂ ಇಲ್ಲಿ ನಿಮ್ಮ ಹೆಸರಲ್ಲೇ ಒಂದು ಅರ್ಚನೆ ಮಾಡ್ಸಿದ್ದೀನಿ. ನಾಳೆ ಬೆಳಿಗ್ಗೆ ಸುತ್ತೂರ್ ಹತ್ರ ನಿಮ್ಮ ಬಸ್ಸೂ ನಮ್ಮ ಬಸ್ಸೂ ಎದುರಾಗ್ತವಲ್ಲ, ಮರೀದೆ ಬಲಗಡೆ ಕಿಟಕಿ ಪಕ್ಕ ಕೂತ್ಕೊಂಡಿರಿ. ಪ್ರಸಾದ ಕೊಟ್ಟು ಹೋಗ್ತೀನಿ."