ಅತ್ತೆಯ ಕಡೇ ಪಂಕ್ತಿ

ನಮ್ಮ ಅತ್ತೆ ಎರಡನ್ನು ಸರಿಪಡಿಸಿಯೇ ಕಣ್ಣು ಮುಚ್ಚುತ್ತೇನೆಂದು ಪಣ ತೊಟ್ಟವಳು. ಒಂದು, ಭಾರತ ದೇಶದ ಆರೋಗ್ಯ ವ್ಯವಸ್ಥೆ. ಇನ್ನೊಂದು, ನಾನು. ಇವೆರಡರಲ್ಲಿ ವ್ಯವಸ್ಥೆ ಸುಧಾರಿಸುವ ಲಕ್ಷಣ ಸ್ವಲ್ಪವಾದರೂ ಕಾಣುತ್ತಿದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ!

ಅತ್ತೆ ಎಂದರೆ ಹೆಣ್ಣು ಕೊಟ್ಟ ಅತ್ತೆಯಲ್ಲ. ತೀರಿಹೋದ ನಮ್ಮಪ್ಪನ ತಂಗಿ, ಕೊತ್ತತ್ತಿ ಹಳ್ಳಿಯವಳು. ಎಪ್ಪತ್ತು ದಾಟಿದೆ. ಎಷ್ಟು ದಾಟಿದೆ ಎಂದು ಕೇಳಿದವರಿಗೆ ಉತ್ತರ ಸಿಕ್ಕಿಲ್ಲ, ಬೈಗುಳ ಸಿಕ್ಕಿದೆ. ನಾನೋ, ಮಂಡ್ಯದ ಗುತ್ತಲಿನಲ್ಲಿ ಮನೆ ಮಾಡಿಕೊಂಡು, ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಾ, ಒಂದು ಸೀನು ಬಂದರೆ ಸ್ಪೆಷಲಿಸ್ಟ್ ಹುಡುಕಿಕೊಂಡು ಮೈಸೂರಿಗೆ ಓಡುವ ಪ್ರಾಣಿ. ಜೇಬಿನಲ್ಲಿ ವಿಮೆಯ ಕಾರ್ಡು, ಕಪಾಟಿನಲ್ಲಿ ಬಿಪಿ ನೋಡುವ ಯಂತ್ರ. ಊಟಕ್ಕೆ ಮುಂಚೆ ಒಮ್ಮೆ, ಊಟವಾದ ಮೇಲೆ ಒಮ್ಮೆ, ಹೆಂಡತಿ ಬೈದ ಮೇಲೆ ಇನ್ನೊಮ್ಮೆ ನೋಡಿಕೊಳ್ಳುತ್ತೇನೆ. ಇಂಥವನು ಎಲ್ಲರಿಗೂ ಉಚಿತ ಚಿಕಿತ್ಸೆ ಕೇಳುವ ಚಳವಳಿಯ ಅಧ್ಯಕ್ಷನಾದದ್ದು ಹೇಗೆ ಅಂತೀರಾ? ಸಾರಿನಿಂದ!

ದೆಹಲಿಯಲ್ಲಿ ಒಂದು ದೊಡ್ಡ ಒಕ್ಕೂಟ ಹುಟ್ಟಿಕೊಂಡಿತ್ತು. ಡಾಕ್ಟರುಗಳು, ನರ್ಸುಗಳು, ರೈತರು, ಕಾರ್ಮಿಕರು, ಮಹಿಳಾ ಸಂಘದವರು, ಎಲ್ಲ ಬಣ್ಣದ ಬಾವುಟದವರೂ ಅದರಲ್ಲಿದ್ದರು. ಕಾಯಿಲೆ ಬಿದ್ದವರು ಯಾರೂ ಆಸ್ಪತ್ರೆಗಾಗಿ ಹಸು, ಓಲೆ ಮಾರಬಾರದು, ಅದಕ್ಕೆ ದೇಶಕ್ಕೆಲ್ಲ ಒಂದು ಕಾನೂನಾಗಬೇಕು ಎಂಬುದು ಅವರ ಬೇಡಿಕೆ. ಒಕ್ಕೂಟದ ಪೂರ್ತಿ ಹೆಸರು ಹೇಳಬೇಕಾದರೆ ನಡುವೆ ಒಮ್ಮೆ ಉಸಿರು ತೆಗೆದುಕೊಳ್ಳಬೇಕು, ಆದ್ದರಿಂದ ಬಿಟ್ಟಿದ್ದೇನೆ. ಅವರು ಮಂಡ್ಯದಲ್ಲಿ ಸಭೆ ಮಾಡಿದಾಗ ಸಂಘದ ಹೆಂಗಸರ ಜೊತೆ ಅತ್ತೆಯೂ ಹೋಗಿದ್ದಳು. ಊಟದ ಹೊತ್ತಿನಲ್ಲಿ ಮೈಕಿನವರು, "ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕಿನ ಜವಾಬ್ದಾರಿ ಯಾರು ತಗೋತೀರಿ?" ಎಂದರಂತೆ. ಸರಿಯಾಗಿ ಆಗಲೇ ಅತ್ತೆ ಸಾರು ಬಡಿಸುವವನನ್ನು ಕರೆಯಲು ಕೈ ಎತ್ತಿದಳು. ಚಪ್ಪಾಳೆಯೋ ಚಪ್ಪಾಳೆ!

"ಸಾರಿಗೆ ಕೈ ಎತ್ತಿದ್ದು ಅಂತ ಹೇಳ್ಬೋದಿತ್ತಲ್ಲತ್ತೆ?" ಎಂದೆ.

"ಅಷ್ಟೊಂದ್ ಜನ ಚಪ್ಪಾಳೆ ತಟ್ತಾವ್ರೆ. ಆಗ ಸಾರ್ ಕೇಳಾಕಾದದೇನ್ಲಾ? ಎತ್ತಿದ ಕೈ ಎತ್ತಿದ್ದೇಯ."

ಮೊದಲ ಸಭೆ ನಮ್ಮ ಮನೆಯ ವರಾಂಡದಲ್ಲೇ ನಡೆಯಿತು. ಅತ್ತೆ ಯಾರನ್ನೂ ಬಿಟ್ಟಿರಲಿಲ್ಲ. ಕಬ್ಬು ಬೆಳೆಗಾರರು, ಆಲೆಮನೆಯವರು, ಆಟೋದವರು, ಆಶಾ ಕಾರ್ಯಕರ್ತೆಯರು, ಮುರಿದ ಮೂಳೆಗೆ ಪಟ್ಟು ಹಾಕುವ ಆತಗೂರಿನ ನಾಟಿ ವೈದ್ಯರು, ಮದ್ದೂರಿನ ಮೆಡಿಕಲ್ ಅಂಗಡಿಯವರು. ಈ ಕೊನೆಯ ಇಬ್ಬರು ಒಂದೇ ಬೆಂಚಿನ ಮೇಲೆ ಕೂರಲು ಒಪ್ಪಲಿಲ್ಲ. ಕಾಫಿಗೆ ಬೆಲ್ಲವೇ ಆಗಬೇಕೆಂದು ಆಲೆಮನೆಯವರು, ಸಕ್ಕರೆಯೇ ಆಗಬೇಕೆಂದು ಫ್ಯಾಕ್ಟರಿಗೆ ಕಬ್ಬು ಸಾಗಿಸುವವರು ಪಟ್ಟು ಹಿಡಿದರು. ಕಾಫಿ ಆರಿತು. ಅಧ್ಯಕ್ಷರು ಯಾರು ಎಂಬ ಪ್ರಶ್ನೆ ಬಂದಾಗ ಒಬ್ಬರ ಹೆಸರು ಇನ್ನೊಬ್ಬರಿಗಾಗದು. ಕಡೆಗೆ ಅತ್ತೆ ನನ್ನ ಕಡೆ ಬೆರಳು ಮಾಡಿದಳು.

"ಇವ್ನ ಮಾಡ್ರಲಾ. ಇವ್ನಿಂದ ಇವತ್ತಿನ್ಗಂಟ ಯಾರ್ಗೂ ಉಪ್ಕಾರ ಆಗಿಲ್ಲ, ತೊಂದ್ರೇನೂ ಆಗಿಲ್ಲ. ಇಂಥೋನು ಮೂರ್ ತಾಲ್ಲೂಕಲ್ಲಿ ಉಡುಕುದ್ರೂ ಸಿಕ್ಕಲ್ಲ!"

ನನ್ನ ಇಡೀ ಬದುಕಿನ ಸಾರಾಂಶವನ್ನು ಇಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಲ್ಲ. ಎಲ್ಲರೂ ಒಪ್ಪಿದರು. ಆದರೂ ಆಯ್ಕೆ ಅವಿರೋಧವಾಗಲಿಲ್ಲ. ಅಡುಗೆಮನೆಯಿಂದ ನನ್ನ ಹೆಂಡತಿ, "ನನ್ನ ವಿರೋಧ ಇದೆ, ಬರ್ಕೊಳ್ಳಿ" ಎಂದು ಕೂಗಿದಳು.

ಅಂದಿನಿಂದ ಅತ್ತೆ ಬೆಳಿಗ್ಗೆ ಬೆಳಿಗ್ಗೆಯೇ ಹೆಂಗಸರ ಉಚಿತ ಬಸ್ಸು ಹತ್ತಿ ಬಂದುಬಿಡುವಳು. ಬಾಗಿಲಲ್ಲೇ ಕೂಗು: "ತಲೆಗಿಲೆ ಬಾಚ್ಕೊಂಡ್ ಬಾರ್ಲಾ, ಅಧ್ಯಕ್ಸ ಇದ್ದಂಗಿರ್ಬೇಕು!" ನನ್ನ ತಲೆಯಲ್ಲಿ ಬಾಚುವಂಥದ್ದು ಏನೂ ಉಳಿದಿಲ್ಲ ಎಂಬುದು ಮಂಡ್ಯಕ್ಕೇ ಗೊತ್ತು. ಅಕ್ಕಪಕ್ಕದವರ ಎದುರು ಹೀಗೆ ಗೇಲಿ ಮಾಡಬೇಕೇ? ನಾನು ಮುಖ ಊದಿಸಿಕೊಂಡೇ ಹೊರಡುತ್ತಿದ್ದೆ.

ನಮ್ಮ ಮೊದಲ ಹೋರಾಟ ರಸ್ತೆ ತಡೆ. ಮಂಡ್ಯ ಜಿಲ್ಲೆಯವರಿಗೆ ರಸ್ತೆ ತಡೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಒಂದು ಊರಿನ ಸರ್ಕಾರಿ ಆಸ್ಪತ್ರೆಗೆ (ಊರಿನ ಹೆಸರು ಬೇಡ, ನೆಂಟರಿದ್ದಾರೆ) ಡಾಕ್ಟರು ತಡವಾಗಿ ಬರುತ್ತಾರೆಂದು ಮದ್ದೂರಿನ ದಾರಿಯಲ್ಲಿ ಕೂತೆವು. ನಾನು ದೇಶದ ಆರೋಗ್ಯ ವೆಚ್ಚದ ಮೇಲೆ ಭಾಷಣ ಶುರು ಮಾಡಿದೆ. ಮುಂದಿನ ಸಾಲಿನವರು ವಡೆ ತರಲು ಎದ್ದು ಹೋದರು. ನಿಂತಿದ್ದ ಕಾರುಗಳ ನಡುವಿನಿಂದ ಬೆವರು ಒರೆಸಿಕೊಳ್ಳುತ್ತಾ ಒಬ್ಬರು ಬಂದು, "ಸಾರ್, ದಾರಿ ಬಿಡಿ. ಇವತ್ತಾದ್ರೂ ಟೈಮಿಗೆ ಸರಿಯಾಗಿ ಹೋಗೋಣ ಅಂತ ಹೊರಟಿದ್ದೆ" ಎಂದರು. ಆ ಡಾಕ್ಟರೇ! ಅವರು ಅಂದು ಆಸ್ಪತ್ರೆ ಸೇರಿದ್ದು ಊಟದ ಹೊತ್ತಿಗೆ. ತಡ ಮಾಡಿಸಿದ ಕೀರ್ತಿ ಅಧ್ಯಕ್ಷನದು.

ಅಷ್ಟಕ್ಕೇ ಮುಗಿಯಲಿಲ್ಲ. ಮನವಿ ಪತ್ರವನ್ನು ಇನ್‌ಸ್ಪೆಕ್ಟರ ಕೈಗೆ ಕೊಡಬೇಕಿತ್ತು. ಅತ್ತೆ ಪತ್ರ ಹಿಡಿದು, ಸೆರಗು ಸರಿ ಮಾಡಿಕೊಂಡು, ಇನ್‌ಸ್ಪೆಕ್ಟರ ಪಕ್ಕದಿಂದಲೇ ಹಾದು ಹೋಗಿ, ಖಾಕಿ ಹಾಕಿಕೊಂಡು ನಿಂತಿದ್ದ ಸರ್ಕಾರಿ ಬಸ್ಸಿನ ಕಂಡಕ್ಟರಿಗೆ ಕೊಟ್ಟು ಕೈ ಮುಗಿದಳು. ಆತ ಗಾಬರಿಯಲ್ಲಿ ಅಭ್ಯಾಸಬಲದಿಂದ ಒಂದು ಉಚಿತ ಟಿಕೆಟ್ ಹರಿದು ಕೊಟ್ಟ. ಅತ್ತೆ ಅದನ್ನು ಎತ್ತಿ ಹಿಡಿದು, "ನೋಡ್ರಲಾ, ಸರ್ಕಾರದೋರು ರಸೀತಿ ಕೊಟ್ಟವ್ರೆ!" ಎಂದು ಕೂಗಿದಳು. ಸರ್ಕಾರದ ಕಿವುಡುತನವನ್ನು ಅತ್ತೆ ಹೀಗೆ ಅಣಕಿಸಿದಳೆಂದು ನಾನು ಮುಂದಿನ ಸಭೆಯಲ್ಲಿ ಹೊಗಳಿ ಮಾತಾಡಿದೆ. ಕಾಲೇಜು ಮೇಷ್ಟರಿಗೆ ಎಲ್ಲದರಲ್ಲೂ ಅರ್ಥ ಕಾಣುವ ರೋಗ.

ಆಮೇಲೆ ಒಕ್ಕೂಟದಿಂದ ಮಳವಳ್ಳಿಯಲ್ಲಿ ಕಣ್ಣಿನ ತಪಾಸಣೆ ಶಿಬಿರ ಮಾಡಿದೆವು. ಸರ್ಕಾರಿ ಆಸ್ಪತ್ರೆಯಿಂದ ಬಂದಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಅಜ್ಜಿ, ನಿಮ್ಮಿಂದಲೇ ಉದ್ಘಾಟನೆ ಆಗಲಿ" ಎಂದು ಅತ್ತೆಯನ್ನು ಕೂರಿಸಿ, ದೂರದಿಂದ ಕೈ ತೋರಿಸಿ, "ಎಷ್ಟು ಬೆರಳು?" ಎಂದು ಕೇಳಿದರು.

"ಎಲ್ರುಗೂ ಐದಿರ್ತವೆ, ನಿನ್ಗೇನ್ ಆರಿದ್ದಾವಾ ತಾಯಿ?"

ಎಲ್ಲರೂ ನಕ್ಕರು. ಡಾಕ್ಟರು ನಗಲಿಲ್ಲ. ಅವರು ತೋರಿಸಿದ್ದು ಎರಡೇ ಬೆರಳು. ಟಾರ್ಚ್ ಬಿಟ್ಟು ನೋಡಿದವರು ನನ್ನನ್ನು ಪಕ್ಕಕ್ಕೆ ಕರೆದರು. ಎರಡೂ ಕಣ್ಣಿಗೆ ಪೊರೆ. ಬಲಗಣ್ಣಿನದು ಪೂರ್ತಿ ಬಲಿತಿದೆ, ಈಗಲೇ ತೆಗೆಯದಿದ್ದರೆ ಆ ಕಣ್ಣು ಉಳಿಯುವುದು ಕಷ್ಟ. ಎಡದ್ದು ಇನ್ನಷ್ಟು ದಿನ ಕಾಯಬಹುದು. "ಇವರು ಹೇಗೆ ಓಡಾಡ್ತಿದ್ದಾರೆ ಸಾರ್? ಮನೆಯವರು ಯಾರೂ ಗಮನಿಸಲಿಲ್ವಾ?" ಎಂದರು. ಆರೋಗ್ಯ ಚಳವಳಿಯ ಅಧ್ಯಕ್ಷ ನೆಲ ನೋಡಿದ.

"ಗೊತ್ತಿತ್ತಾ ಅತ್ತೆ?"

"ಗೊತ್ತಿಲ್ದೆ ಏನ್ಲಾ? ಮಂಜು ಮುಸ್ಕೊಂಡು ಬಾಳ ದಿನ ಆಯ್ತು."

"ಮತ್ತೆ ಆಪರೇಷನ್?"

"ಊಟಕ್ ಕರ್ದೋರು ಮೊದ್ಲು ಕೂತ್ಕೊಂಡು ಉಣ್ತಾರಾ? ಬಂದೋರೆಲ್ಲ ಉಂಡು ಎದ್ಮ್ಯಾಲೆ ಮನೆಯೋರು. ನಂದು ಕಡೇ ಪಂತಿ."

ನಮ್ಮ ಕಡೆ ಬಾಡೂಟದಲ್ಲಿ ಇದು ಕಾನೂನಿಗಿಂತ ದೊಡ್ಡದು. ನೆಂಟರು, ಊರವರು, ದಾರಿಹೋಕರು ಎಲ್ಲರೂ ಉಂಡಮೇಲೆ ಮನೆಯವರು ಕೂರುವುದು, ಉಳಿದಿದ್ದರೆ ಉಣ್ಣುವುದು. ಆದರೆ ಅತ್ತೆ ಕರೆದಿದ್ದದ್ದು ಇಡೀ ಭಾರತವನ್ನು! ಆ ಪಂಕ್ತಿಗಳು ಮುಗಿಯುವುದು ಯಾವ ಕಾಲಕ್ಕೆ? ನನ್ನ ದುಡ್ಡಿನಲ್ಲೇ ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ಮಾಡಿಸುತ್ತೇನೆಂದು ಗೋಗರೆದೆ. "ಜನಾನೆಲ್ಲ ಬೀದೀಲಿ ಕೂರ್ಸಿ, ನಾನೊಬ್ಳು ಒಳಗ್ ಎಲೆ ಆಕಿಸ್ಕೊಂಡು ಉಣ್ಣಾನಾ? ಓಗ್ಲಾ!" ಎಂದಳು. ಅಂದು ನನಗೆ ನಿಜವಾಗಿ ಹೆದರಿಕೆಯಾಯಿತು. ಬಿಪಿ ನೋಡಿಕೊಳ್ಳುವುದೂ ಮರೆತುಹೋಯಿತು.

ತುರ್ತು ಸಭೆ ಕರೆದೆ. ಅದೇ ವರಾಂಡ. ಅತ್ತೆಯ ಕಣ್ಣಿನ ಆಪರೇಷನ್ ಕೂಡಲೇ ಆಗಬೇಕೆಂದು ನಾಟಿ ವೈದ್ಯರು ಸೂಚಿಸಿದರು. ಮೆಡಿಕಲ್ ಅಂಗಡಿಯವರು ಎದ್ದುಬಂದು, ಅವರ ಪಕ್ಕದಲ್ಲೇ ಕೂತು, ಅನುಮೋದಿಸಿದರು! ಎಲ್ಲರ ಕೈಯೂ ಮೇಲೆ. ಅತ್ತೆ ಮಾತ್ರ ಕೈ ಕಟ್ಟಿಕೊಂಡು ಕೂತಿದ್ದಳು. ನಾನು ಎದ್ದು ಅರ್ಥಶಾಸ್ತ್ರದ ಪ್ರಕಾರ ಕಣ್ಣಿನ ಮಹತ್ವವನ್ನು ವಿವರಿಸತೊಡಗಿದೆ. ಕಾಫಿ ತಂದ ನನ್ನ ಹೆಂಡತಿ ಲೋಟದಿಂದಲೇ ನನ್ನನ್ನು ಪಕ್ಕಕ್ಕೆ ಸರಿಸಿದಳು.

"ಅತ್ತೆ, ಪಂಕ್ತಿಗೆ ಬಡಿಸೋಕೆ ಮುಂಚೆ ಸಾರಿನ ಉಪ್ಪು ಖಾರ ನೋಡೋರು ಯಾರು?"

"ಮನೆಯೋರೇಯ, ಇನ್ಯಾರು?"

"ಮತ್ತೆ ನೀವು ರುಚೀನೇ ನೋಡ್ದೆ ದೇಶಕ್ಕೆಲ್ಲ ಬಡಿಸೋಕೆ ಹೊರಟಿದ್ದೀರಲ್ಲ. ಉಪ್ಪು ಜಾಸ್ತಿ ಆಗಿದ್ರೆ ಬಂದೋರು ಯಾರನ್ನ ಬೈತಾರೆ?"

ಅತ್ತೆ ಕಟ್ಟಿದ್ದ ಕೈ ಬಿಚ್ಚಿದಳು. "ಉಪ್ಪು ನೋಡಾಕೆ ಅಂದ್ರೆ ಸರಿ ಬುಡು," ಎಂದಳು ಕಡೆಗೆ. "ಆದ್ರೆ ಒಂದೇ ಕಣ್ಣು. ಉಪ್ಪು ನೋಡೋರು ತಟ್ಟೆ ತುಂಬ ಉಣ್ಣಾಕಿಲ್ಲ."

ಬಲಗಣ್ಣಿನ ಆಪರೇಷನ್ ಸರ್ಕಾರಿ ಆಸ್ಪತ್ರೆಯಲ್ಲೇ ಆಯಿತು. ಮಾರನೇ ದಿನ ಪಟ್ಟಿ ಬಿಚ್ಚುವಾಗ ಒಕ್ಕೂಟಕ್ಕೆ ಒಕ್ಕೂಟವೇ ಬಾಗಿಲಲ್ಲಿ ನೆರೆದಿತ್ತು. ಅತ್ತೆ ಡಾಕ್ಟರನ್ನು ನೋಡಿದಳು, ಕಿಟಕಿಯನ್ನು ನೋಡಿದಳು, ಆಮೇಲೆ ನನ್ನನ್ನು.

"ಯಾರಪ್ಪಾ ಇದು?"

"ನಾನೇ ಅತ್ತೆ."

"ಅಯ್ಯೋ ನಿನ್ನ! ಕೂದ್ಲೆಲ್ಲ ಎಲ್ಲೋದ್ವಲಾ?"

ಎಲ್ಲರೂ ಗೊಳ್ಳೆಂದರು. ತಲೆ ಬಾಚ್ಕೊಂಡ್ ಬಾ ಎಂದು ದಿನಾ ಕೂಗುತ್ತಿದ್ದದ್ದು ಗೇಲಿಯಾಗಿರಲಿಲ್ಲ. ಅವಳ ಕಣ್ಣಿನಲ್ಲಿ ನಾನಿನ್ನೂ ಕ್ರಾಪಿನ ಹುಡುಗ. ಅತ್ತೆ ನಗಲಿಲ್ಲ. ನನ್ನನ್ನು ಹತ್ತಿರಕ್ಕೆಳೆದು, ಬೋಳು ತಲೆಯ ಮೇಲೆ ಅಂಗೈ ಇಟ್ಟು, ಮುಖವನ್ನೇ ನೋಡುತ್ತಾ ಕೂತಳು.

"ನಿನ್ಗೂ ವಯಸ್ಸಾಗೋಯ್ತಾ ಮಗ? ನಮ್ಮಣ್ಣ ಬಂದ್ ನಿಂತಂಗಾಯ್ತು ಕಣ್ಲಾ."

ಅಧ್ಯಕ್ಷ ಅಷ್ಟೂ ಜನರ ಎದುರು ಅತ್ತುಬಿಟ್ಟ. ಮಾತು ಮರೆಸಲು, "ಉಪ್ಪು ಎಂಗದೆ ಅತ್ತೆ?" ಎಂದೆ.

"ಸರ್ಯಾಗದೆ," ಎಂದು ಬಾಗಿಲ ಕಡೆ ತಿರುಗಿದಳು. "ಓಗು, ಎಲ್ರುನೂವೆ ಪಂತಿಗ್ ಕೂರ್ಸು."

ಅತ್ತೆಯ ಎಡಗಣ್ಣು ಇನ್ನೂ ಕಡೇ ಪಂಕ್ತಿಗೆ ಕಾಯುತ್ತಿದೆ. ಆ ಪಂಕ್ತಿ ಬೇಗ ಬರಲೆಂದೇ ಈಗ ಸಭೆ ಇದ್ದ ದಿನ ನಾನು ಎಲ್ಲರಿಗಿಂತ ಮೊದಲು ಹೋಗಿ ಕುರ್ಚಿ ಹಾಕುತ್ತೇನೆ.